ಓದುಗರ ಪ್ರಶ್ನೆ: ನ್ಯಾನೊ ತಾಮ್ರ ಮತ್ತು ತೋಟದ ಕೆರೆಯ ಪಾಚಿ

ಪ್ರಶ್ನೆ: ನಮ್ಮ ಅಡಿಕೆ ತೋಟದ ಕೆಳಗೆ ಮೀನು ಸಾಕಿರುವ ಚಿಕ್ಕ ಕೆರೆಯಿದೆ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಬದಲು ಅತಿಸೂಕ್ಷ್ಮ ತಾಮ್ರದ ಕಣಗಳಿರುವ ನ್ಯಾನೊ ತಾಮ್ರದ ಔಷಧಿ ಹೊಡೆಯಬಹುದೆಂದು ಕೆಲವರು ಹೇಳುತ್ತಾರೆ. ಇಂಥ ಕಣಗಳಿಂದ ಪಾಚಿಗೆ ‘ಉತ್ಕರ್ಷಣ ಒತ್ತಡ’ ಉಂಟಾಗುತ್ತದೆಂದು ಓದಿದೆ. ಹಾಗೆಂದರೇನು? ಪಾಚಿ ಸತ್ತರೆ ನಮಗೇನು ನಷ್ಟ?
– ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನೀರಿಗೆ ತಿಳಿಹಸಿರು ಬಣ್ಣ ಕೊಡುವ ಕ್ಲೋರೆಲ್ಲಾದಂಥ ಸೂಕ್ಷ್ಮಪಾಚಿಗಳನ್ನು ನೀರುಚಿಗಟಗಳೆಂಬ ಪುಟ್ಟ ಜಲಜೀವಿಗಳು ತಿನ್ನುತ್ತವೆ, ನೀರುಚಿಗಟಗಳನ್ನು ಮೀನಿನ ಮರಿಗಳು ತಿನ್ನುತ್ತವೆ. ಹಗಲಿನಲ್ಲಿ ಕೆರೆಯ ನೀರಿಗೆ ಆಮ್ಲಜನಕ ಸೇರಿಸುವುದರಲ್ಲಿಯೂ ಪಾಚಿಯದು ದೊಡ್ಡ ಪಾಲು. ಹೀಗಾಗಿ ಪಾಚಿಗೆ ಬಂದ ಕೇಡು ಮೀನಿಗೂ ತಟ್ಟುತ್ತದೆ.

ಬಿಸಿಲಿನಲ್ಲಿ ಆಹಾರ ತಯಾರಿಸುವಾಗ ಪ್ರತಿಯೊಂದು ಪಾಚಿಕೋಶದಲ್ಲಿಯೂ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮುಂತಾದ ಉಗ್ರ ಆಮ್ಲಜನಕ ರೂಪಗಳು ಅಷ್ಟಿಷ್ಟು ಹುಟ್ಟುವುದು ಸಹಜ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವ ಮೊದಲನೆಯದನ್ನು ಪೆರಾಕ್ಸೈಡ್ ಆಗಿ ಬದಲಿಸುತ್ತದೆ. ಕ್ಯಾಟಲೇಸ್ ಮತ್ತು ಪೆರಾಕ್ಸಿಡೇಸ್‌ಗಳು ಅದನ್ನು ನೀರಾಗಿಸುತ್ತವೆ. ಹುಟ್ಟುವ ವೇಗಕ್ಕೆ ಈ ಕಿಣ್ವಗಳು ಸಾಲದೆ ಹೋದಾಗಿನ ಸ್ಥಿತಿಯೇ ಉತ್ಕರ್ಷಣ ಒತ್ತಡ. ಆಗ ಕೋಶಪೊರೆಯ ಕೊಬ್ಬು ಕೆಟ್ಟು ಪೊರೆ ಸೋರತೊಡಗುತ್ತದೆ, ಪತ್ರಹರಿತ್ತು ಕುಗ್ಗುತ್ತದೆ, ಕೋಶಗಳು ಒಡೆದು ಎರಡಾಗುವುದು ನಿಧಾನವಾಗುತ್ತದೆ.

1ರಿಂದ 100 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್) ಗಾತ್ರದ ನ್ಯಾನೊ ಕಣಗಳೆಲ್ಲ ಈ ಒತ್ತಡವನ್ನು ಒಂದೇ ಬಗೆಯಲ್ಲಿ ತರುವುದಿಲ್ಲ. ಟೈಟಾನಿಯಂ ಡೈಆಕ್ಸೈಡ್ ನೀರಿನಲ್ಲಿ ಕರಗದಿದ್ದರೂ ನೇರಳಾತೀತ ಬೆಳಕು ಬಿದ್ದಾಗ ತನ್ನ ಮೇಲ್ಮೈಯಲ್ಲಿಯೇ ಉಗ್ರ ರೂಪಗಳನ್ನು ಹುಟ್ಟಿಸುತ್ತದೆ. ಸತು ಆಕ್ಸೈಡ್ ಕಣಗಳ ವಿಷವಾದರೋ ಬಹುಮಟ್ಟಿಗೆ ಅವುಗಳಿಂದ ಕರಗಿ ಬಂದ ಸತುವಿನದೇ ಎಂದು ಸಿಹಿನೀರಿನ ಪಾಚಿಯ ಮೇಲೆ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತಾಮ್ರವೂ ಕರಗುತ್ತದೆ, ಕೋಶದೊಳಗೆ ಸೇರಿದ ತಾಮ್ರವು ಪೆರಾಕ್ಸೈಡನ್ನು ಅದಕ್ಕಿಂತ ಎಷ್ಟೋ ಉಗ್ರವಾದ ಹೈಡ್ರಾಕ್ಸಿಲ್ ರೂಪಕ್ಕೆ ತಿರುಗಿಸಬಲ್ಲದು.

ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ 72 ಗಂಟೆ ಪಾಚಿಯನ್ನು ಬೆಳೆಸಿ ಅಳೆಯುವ ಫಲಿತಾಂಶವನ್ನು ಮಲೆನಾಡಿನ ಕೆರೆಗೆ ಹಾಗೆಯೇ ಅನ್ವಯಿಸಲಾಗದು. ದರಗು ಕೊಳೆತು ಕಂದುಬಣ್ಣಕ್ಕೆ ತಿರುಗಿದ ನೀರಿನ ಸಾವಯವ ಅಂಶ ಕರಗಿದ ತಾಮ್ರವನ್ನು ಹಿಡಿದಿಟ್ಟು ಅದರ ವಿಷವನ್ನು ತಗ್ಗಿಸುತ್ತದೆ. ಆದರೆ ಸುಣ್ಣದಂಶ ಕಡಿಮೆಯಿರುವ ಮೆದುನೀರಿನಲ್ಲಿ ಅದೇ ತಾಮ್ರ ಪಾಚಿಗೆ ಹೆಚ್ಚು ತಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ನ್ಯಾನೊ ಎಂಬ ಹೆಸರಿಗಿಂತ ಒಟ್ಟು ತಾಮ್ರದ ಲೆಕ್ಕ ಮುಖ್ಯ. ಶೇಕಡ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತೇವೆ. ಆ ತಾಮ್ರ ಮಳೆಯಲ್ಲಿ ತೊಳೆದು ಮಣ್ಣಿಗೂ ಕೆರೆಯ ಹೂಳಿಗೂ ತಲೆಮಾರುಗಳಿಂದ ಸೇರುತ್ತಲೇ ಬಂದಿದೆ. ಹೊಸ ಔಷಧಿಯಿಂದ ಎಕರೆಗೆ ಬೀಳುವ ತಾಮ್ರ ಇಳಿಯುವುದಾದರೆ ಕೆರೆಗೆ ಒಳ್ಳೆಯದೇ ಆಗಬಹುದು. ಬೋರ್ಡೋ ಜೊತೆಗೆ ಅದನ್ನೂ ಹೊಡೆದರೆ ಹೊರೆ ಹೆಚ್ಚುತ್ತದೆ. ಕೊಳ್ಳುವ ಮೊದಲು ಅದು ಅಡಿಕೆಗೆ ಶಿಫಾರಸಾಗಿದೆಯೇ, ಲೀಟರಿಗೆ ಎಷ್ಟು ತಾಮ್ರವಿದೆ ಎಂದು ಕೇಳಿ ತಿಳಿದುಕೊಳ್ಳಿ. ಡ್ರಮ್ಮು, ಪಂಪುಗಳನ್ನು ಕೆರೆದಂಡೆಯಲ್ಲಿ ತೊಳೆಯಬೇಡಿ. ಔಷಧಿ ಹೊಡೆದ ನಂತರದ ಕೆಲವು ದಿನ, ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಿರುವ ಬೆಳಗಿನ ಜಾವದಲ್ಲಿ ಕೆರೆಯನ್ನು ನೋಡಿ. ನೀರಿನ ಹಸಿರು ಇದ್ದಕ್ಕಿದ್ದಂತೆ ಮಾಸಿ ಮೀನುಗಳು ಮೇಲೆ ಬಂದು ಬಾಯಿಬಿಡುತ್ತಿದ್ದರೆ ತಡಮಾಡದೆ ಹೊಸ ನೀರು ಹಾಯಿಸಿ.