ಓದುಗರ ಪ್ರಶ್ನೆ: ಕೆಂಪು ಚುಕ್ಕೆಗಳೆಲ್ಲ ನಮ್ಮ ಕೇರಿಯಲ್ಲೇ ಏಕೆ?

ಪ್ರಶ್ನೆ: ಕೊಕ್ಕೆಹುಳುವಿನ ಸಮೀಕ್ಷೆಗೆಂದು ನಮ್ಮೂರಿನ ಮನೆಮನೆಗಳಿಂದ ಮಲದ ಮಾದರಿ ಪಡೆದು, ಮನೆಯಿರುವ ಜಾಗವನ್ನೂ ಮೊಬೈಲಿನಲ್ಲಿ ಗುರುತು ಮಾಡಿಕೊಂಡರು. ಆಮೇಲೆ ತೋರಿಸಿದ ನಕ್ಷೆಯಲ್ಲಿ ಕೆಂಪು ಚುಕ್ಕೆಗಳೆಲ್ಲ ನಮ್ಮ ಕೇರಿಯಲ್ಲೇ ಗುಂಪುಗೂಡಿದ್ದವು. ಸೋಂಕಿನ ಮೂಲ ನಮ್ಮ ಕೇರಿಯೇ?
(ಓದುಗರು, ಶಿರಸಿ ತಾಲ್ಲೂಕು)

ಉತ್ತರ: ಅಷ್ಟರಿಂದಲೇ ಹಾಗೆನ್ನಲಾಗದು. ಚುಕ್ಕೆ ಇರುವುದು ಸೋಂಕಿತರು ವಾಸಿಸುವ ಮನೆಯ ಮೇಲೆ, ಸೋಂಕು ತಗುಲಿದ ಜಾಗದ ಮೇಲಲ್ಲ. ಮಲದೊಂದಿಗೆ ನೆಲಕ್ಕೆ ಬಿದ್ದ ಕೊಕ್ಕೆಹುಳುವಿನ ಮೊಟ್ಟೆ, ನೆರಳಿರುವ ತೇವದ ಬೆಚ್ಚನೆಯ ಮಣ್ಣು ಸಿಕ್ಕರೆ ಒಂದೆರಡು ದಿನಗಳಲ್ಲಿ ಒಡೆಯುತ್ತದೆ. ಅದರ ಮರಿ 5ರಿಂದ 10 ದಿನಗಳಲ್ಲಿ ಚರ್ಮವನ್ನು ತೂರುವಷ್ಟು ಬಲಿತು, ಮೂರು ನಾಲ್ಕು ವಾರ ಮಣ್ಣಿನಲ್ಲೇ ಬದುಕಿರಬಲ್ಲದು. ನಿಮ್ಮ ಕಡೆಯ ಅಡಿಕೆ ತೋಟದ ನೆಲ ಇದಕ್ಕೆ ಹೇಳಿ ಮಾಡಿಸಿದಂತಿದೆ. ದಿಬ್ಬದ ಮೇಲಿನ ಕೇರಿಯವರು ಕೆಳಗಿನ ತೋಟಗಳಿಗೆ ಬರಿಗಾಲಲ್ಲಿ ಕೆಲಸಕ್ಕೆ ಹೋಗುತ್ತಿದ್ದರೆ, ಸೋಂಕು ತೋಟದ್ದಾದರೂ ಚುಕ್ಕೆ ಕೇರಿಯ ಲೆಕ್ಕಕ್ಕೆ ಸೇರುತ್ತದೆ. ಕೆಲಸದ ಜಾಗವನ್ನೂ ಶೌಚದ ಜಾಗವನ್ನೂ ವಿಚಾರಿಸದ ಸಮೀಕ್ಷೆ, ನನ್ನ ದೃಷ್ಟಿಯಲ್ಲಿ, ಅರ್ಧ ಸಮೀಕ್ಷೆ.

ಎರಡನೆಯದಾಗಿ, ಎಷ್ಟು ಜನರನ್ನು ಪರೀಕ್ಷಿಸಿದರು ಎಂದು ಕೇಳಿ. 40 ಜನರಲ್ಲಿ 8 ಮಂದಿಗೆ ಸೋಂಕಿದ್ದರೂ, 5 ಜನರಲ್ಲಿ ಒಬ್ಬರಿಗಿದ್ದರೂ ಪ್ರಮಾಣ ಒಂದೇ. ಕಣ್ಣಿಗೆ ಮಾತ್ರ ಮೊದಲ ಕೇರಿ ಕೆಂಪಗೆ ಕಾಣುತ್ತದೆ. ಈ ಭ್ರಮೆಯನ್ನು ನಿವಾರಿಸಲು ಸಂಖ್ಯಾಶಾಸ್ತ್ರಜ್ಞ ಮಾರ್ಟಿನ್ ಕುಲ್‌ಡಾರ್ಫ್ 1997ರಲ್ಲಿ ವಿವರಿಸಿದ ಸಂಖ್ಯಾಶಾಸ್ತ್ರೀಯ ವಿಧಾನವೊಂದು ಬಳಕೆಯಲ್ಲಿದೆ: ಬೇರೆ ಬೇರೆ ಅಳತೆಯ ವೃತ್ತಗಳನ್ನು ನಕ್ಷೆಯ ಮೇಲೆ ಸರಿಸುತ್ತಾ ಒಳಗಿನ ಮತ್ತು ಹೊರಗಿನ ಸೋಂಕಿನ ಪ್ರಮಾಣವನ್ನು ಹೋಲಿಸಿ, ಅಂಥದೇ ಗುಂಪು ಬರೀ ಆಕಸ್ಮಿಕವಾಗಿ ಮೂಡಬಹುದೇ ಎಂಬುದನ್ನು, ಸಾಮಾನ್ಯವಾಗಿ 999 ಸಲ, ಕಂಪ್ಯೂಟರಿನಲ್ಲಿ ಪರೀಕ್ಷಿಸುತ್ತಾರೆ. ಆದರೆ ವೃತ್ತಕ್ಕೆ ನೇರ ಗೆರೆಯ ದೂರವಷ್ಟೇ ಗೊತ್ತು. ತೋಟಕ್ಕೊಂದರಂತೆ ಮನೆಗಳು ಚದುರಿರುವ ಮಲೆನಾಡಿನಲ್ಲಿ, ಹಳ್ಳದ ಆಚೀಚೆ ಇದ್ದು ಮಳೆಗಾಲದಲ್ಲಿ ಪರಸ್ಪರ ಸಂಪರ್ಕವೇ ಇಲ್ಲದ ಎರಡು ಮನೆಗಳನ್ನೂ ಅದು ಒಂದೇ ಗುಂಪಿಗೆ ಸೇರಿಸೀತು.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಕೇಟೋ-ಕಾಟ್ಜ್ ವಿಧಾನದಲ್ಲಿ ಸುಮಾರು 41.7 ಮಿಲಿಗ್ರಾಂ ಮಲವನ್ನು ಗಾಜಿನ ಮೇಲೆ ಹರಡಿ ಮೊಟ್ಟೆಗಳನ್ನು ಎಣಿಸುತ್ತಾರೆ. ಕೊಕ್ಕೆಹುಳುವಿನ ಮೊಟ್ಟೆಗಳು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮಸುಕಾಗಿ ಮಾಯವಾಗುವುದರಿಂದ ಎಣಿಕೆ ಬೇಗ ಮುಗಿಯಬೇಕು. ಮಾದರಿ ಪ್ರಯೋಗಾಲಯಕ್ಕೆ ತಲುಪುವುದು ತಡವಾದರೂ ಎಣಿಕೆ ತಗ್ಗುತ್ತದೆ. ಹೀಗಾಗಿ ಟಾರು ರಸ್ತೆಯ ಬದಿಯ ಕೇರಿ ಕೆಂಪಾಗಿ, ಒಳಗಿನ ಮಜರೆಗಳು ಸುಳ್ಳೇ ಹಸಿರಾಗಿ ಕಾಣುವ ಸಾಧ್ಯತೆಯಿದೆ.

ಅಂದಹಾಗೆ, ಮನೆಗಳನ್ನು ಗುರುತಿಸಬಹುದಾದ ನಕ್ಷೆಯನ್ನು ಊರವರೆದುರು ತೋರಿಸಲೇಬಾರದಿತ್ತು.

ಪ್ರಶ್ನೆ: ಕೆಂಪು ಕೇರಿಯವರಿಗಷ್ಟೇ ಮಾತ್ರೆ ಕೊಟ್ಟರೆ ಸಾಲದೇ?
(ಓದುಗರು, ಕುಮಟಾ)

ಉತ್ತರ: ಸಾಲದು. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಜಂತುಹುಳುವಿನ ಮಾತ್ರೆ ಆಲ್ಬೆಂಡಜೋಲ್ ಸಿಗುವುದು 1ರಿಂದ 19 ವರ್ಷದವರಿಗೆ; ಕೊಕ್ಕೆಹುಳುವಾದರೋ ದುಡಿಯುವ ವಯಸ್ಕರಲ್ಲೂ ಹೇರಳ. ಒಳ್ಳೆಯ ನಕ್ಷೆಯಿದ್ದರೆ ಯಾವ ತೋಟಗಳ ಕೆಲಸಗಾರರಿಗೆ ಮಾತ್ರೆ, ಶೌಚಾಲಯ ಮತ್ತು ಪಾದರಕ್ಷೆ ಮೊದಲು ತಲುಪಬೇಕೆಂದು ನಿರ್ಧರಿಸಬಹುದು. ಮಾತ್ರೆ ಹೊಟ್ಟೆಯೊಳಗಿನ ಹುಳುವನ್ನು ಕೊಲ್ಲುತ್ತದೆಯೇ ಹೊರತು ಮರುಸೋಂಕನ್ನು ತಡೆಯದು. ಗರ್ಭಿಣಿಯರು ಮೊದಲ ಮೂರು ತಿಂಗಳು ಅದನ್ನು ಸೇವಿಸಬಾರದು.