ಏಮ್ಸ್ ಟೆಸ್ಟ್ ನೆಗೆಟಿವ್ ಬಂದರೆ ಪಿಎಫ್‌ಒಎ ಡಿಎನ್‌ಎಗೆ ಹಾನಿ ಮಾಡಲ್ಲ ಅಂತ ಬರೆಯಬಹುದಾ?

ಎಂಎಸ್ಸಿ ಪ್ರಾಜೆಕ್ಟ್‌ಗೆ ಪಿಎಫ್‌ಒಎ (ನಾನ್‌ಸ್ಟಿಕ್ ಲೇಪನ ತಯಾರಿಸಲು ಬಳಸುತ್ತಿದ್ದ ಫ್ಲೋರಿನ್ ಇರುವ ಕೆಮಿಕಲ್) ಮೇಲೆ ಏಮ್ಸ್ ಟೆಸ್ಟ್ (ಬ್ಯಾಕ್ಟೀರಿಯಾದಲ್ಲಿ ಮ್ಯುಟೇಶನ್, ಅಂದರೆ ಡಿಎನ್‌ಎ ಬದಲಾವಣೆ, ಹುಡುಕುವ ಪರೀಕ್ಷೆ) ಮಾಡಿದ್ದೀರಿ, ನೆಗೆಟಿವ್ ಬಂದಿದೆ, "ಡಿಎನ್‌ಎಗೆ ಹಾನಿಯಿಲ್ಲ" ಅಂತ ಬರೆಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಬರೆಯಬೇಡಿ. ನಾನೂ ನಿಮ್ಮ ಹಾಗೆ ಪುಣೆಯಲ್ಲೇ ಇದ್ದೇನೆ, ಇಂಥ ಟೆಸ್ಟ್ ಮಾಡುವ ಲ್ಯಾಬ್‌ನಲ್ಲೇ ಕೆಲಸ. ಇಲ್ಲಿ ಕೂತು ಕನ್ನಡದಲ್ಲಿ ಇದನ್ನು ಕೇಳುವವರು ಸಿಕ್ಕಿದ್ದು ಖುಷಿಯಾಯ್ತು.

ಏಮ್ಸ್ ನೋಡುವುದು ಒಂದೇ ವಿಷಯ. ಬೆಳೆಯಲು ಬೇಕಾದ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಮಾಡಿಕೊಳ್ಳಲಾರದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ, ಹೊಸ ಮ್ಯುಟೇಶನ್ ಆಗಿ ಮತ್ತೆ ಅದನ್ನು ಮಾಡಿಕೊಂಡು ಬೆಳೆಯುತ್ತದಾ ಅಂತ. ಜೊತೆಗೆ ಇಲಿಯ ಲಿವರ್‌ನಿಂದ ತೆಗೆದ ಎಸ್9 ಎಂಬ ಎಂಜೈಮ್ ಮಿಶ್ರಣ ಹಾಕುತ್ತೀರಲ್ಲ, ಅದು ಕೆಮಿಕಲ್ ದೇಹದೊಳಗೆ ಹೋದ ಮೇಲೆ ಏನಾಗಿ ಬದಲಾಗುತ್ತದೆ ಅಂತ ನೋಡಲಿಕ್ಕೆ. ಪಿಎಫ್‌ಒಎ ಬದಲಾಗುವುದೇ ಇಲ್ಲ. ಕಾರ್ಬನ್-ಫ್ಲೋರಿನ್ ಬಂಧ ಅಷ್ಟು ಗಟ್ಟಿ, ಲಿವರ್‌ಗೂ ಮುರಿಯಲಾಗದು, ಅದಕ್ಕೇ ನಮ್ಮ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ವರ್ಷಗಳೇ ಬೇಕು. ನಿಮ್ಮ ಫಲಿತಾಂಶ ಸರಿಯೇ ಇದೆ, ಬೇರೆಯವರಿಗೂ ಹೆಚ್ಚಾಗಿ ನೆಗೆಟಿವ್ ಬಂದಿದೆ.

ಅನುಮಾನ ಇರುವುದು ಇನ್ನೊಂದು ದಾರಿಯ ಮೇಲೆ. ಕೋಶದೊಳಗೆ ಆಕ್ಸಿಡೇಟಿವ್ ಸ್ಟ್ರೆಸ್ (ಆಕ್ಸಿಜನ್‌ನಿಂದ ಹುಟ್ಟುವ ಚುರುಕಾದ ಕಣಗಳ ಕಾಟ) ಜಾಸ್ತಿಯಾಗಿ, ಅದರಿಂದ ಡಿಎನ್‌ಎಗೆ ಪೆಟ್ಟು ಬೀಳಬಹುದು. ಇದಕ್ಕೆ ಕಾಮೆಟ್ ಅಸ್ಸೇ ಮಾಡಿ, ಮನುಷ್ಯರ ಲಿವರ್ ಕ್ಯಾನ್ಸರ್‌ನಿಂದ ಬೆಳೆಸಿದ ಹೆಪ್‌ಜಿ2 ಕೋಶಗಳಲ್ಲಿ. ಕೋಶಗಳನ್ನು ಅಗರೋಸ್ ಜೆಲ್‌ನಲ್ಲಿ ಕೂರಿಸಿ, ಲೈಸ್ ಮಾಡಿ (ಅಂದರೆ ಒಡೆದು), ಕರೆಂಟ್ ಹಾಯಿಸಿದರೆ ತುಂಡಾದ ಡಿಎನ್‌ಎ ಧೂಮಕೇತುವಿನ ಬಾಲದ ಹಾಗೆ ಹೊರಗೆ ಚಾಚುತ್ತದೆ. ಎಫ್‌ಪಿಜಿ ಎಂಜೈಮ್ ಹಾಕಿದ ಸ್ಲೈಡು, ಹಾಕದ ಸ್ಲೈಡು ಎರಡೂ ಇರಲಿ. ಆ ಎಂಜೈಮ್ ಆಕ್ಸಿಡೈಸ್ ಆದ ಬೇಸ್ ಇರುವ ಕಡೆಯೂ ಕತ್ತರಿಸುತ್ತದೆ, ಹಾಗಾಗಿ ಎರಡರ ವ್ಯತ್ಯಾಸದಲ್ಲೇ ನಿಮ್ಮ ಉತ್ತರ ಇದೆ. ಕ್ರೋಮೋಸೋಮ್ ಮಟ್ಟದ ಹಾನಿ ನೋಡಲು ಮೈಕ್ರೋನ್ಯೂಕ್ಲಿಯಸ್ ಟೆಸ್ಟ್ ಬೇಕು.

ಡೋಸ್ ಬಗ್ಗೆ ಮಾತ್ರ ತುಂಬಾ ಹುಷಾರು. ಪಿಎಫ್‌ಒಎಗೆ ಸೋಪಿನ ಗುಣ ಇದೆ, ಸುಮ್ನೆ ಏರಿಸುತ್ತಾ ಹೋದರೆ ಕೋಶವೇ ಸಾಯುತ್ತದೆ, ಸಾಯುವ ಕೋಶದ ಡಿಎನ್‌ಎ ಹೇಗೂ ತುಂಡಾಗುತ್ತದೆ, ಅದನ್ನು ಜೀನೋಟಾಕ್ಸಿಕ್ (ಕೆಮಿಕಲ್ಲೇ ಡಿಎನ್‌ಎಗೆ ಹಾನಿ ಮಾಡಿದೆ) ಅಂತ ಓದಿಬಿಡುವ ಅಪಾಯ ಇದೆ. ವಯಬಿಲಿಟಿ, ಅಂದರೆ ಎಷ್ಟು ಕೋಶ ಬದುಕಿವೆ ಅಂತ, ಮೊದಲೇ ನೋಡಿ. ಸೀರಮ್‌ನ ಅಲ್ಬುಮಿನ್ ಎಂಬ ಪ್ರೋಟೀನ್ ಪಿಎಫ್‌ಒಎಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಮೀಡಿಯಾದಲ್ಲಿ ಎಷ್ಟು ಸೀರಮ್ ಇತ್ತು ಅಂತ ಬರೆದಿಡಿ.

ಇನ್ನೊಂದು ವಿಷಯ ನಿಮ್ಮ ಗೈಡ್‌ಗೂ ಹೇಳಿ. 2023ರಲ್ಲಿ ಐಎಆರ್‌ಸಿ (ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ) ಪಿಎಫ್‌ಒಎಯನ್ನು ಗ್ರೂಪ್ 1ಕ್ಕೆ ಸೇರಿಸಿತು, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದು. ಅದಕ್ಕೆ ಆಧಾರವಾಗಿದ್ದು ಪ್ರಾಣಿಗಳಲ್ಲಿ ಕಂಡ ಕ್ಯಾನ್ಸರ್, ಜೊತೆಗೆ ಮನುಷ್ಯರಲ್ಲೇ ಕಂಡ ಎಪಿಜೆನೆಟಿಕ್ ಬದಲಾವಣೆ (ಡಿಎನ್‌ಎ ಅಕ್ಷರಗಳು ಬದಲಾಗದೆ ಜೀನ್‌ಗಳ ಕೆಲಸ ಬದಲಾಗುವುದು) ಮತ್ತು ರೋಗನಿರೋಧಕ ಶಕ್ತಿ ಕುಗ್ಗುವುದು. ಏಮ್ಸ್ ಪ್ಲೇಟ್‌ನಲ್ಲಿ ಇವ್ಯಾವೂ ಕಾಣುವುದಿಲ್ಲ ಅಲ್ವಾ? ರಿಪೋರ್ಟ್‌ನಲ್ಲಿ "ಈ ಸ್ಟ್ರೇನ್‌ಗಳಲ್ಲಿ, ಈ ಡೋಸ್‌ಗಳಲ್ಲಿ ಮ್ಯುಟೇಶನ್ ಕಾಣಲಿಲ್ಲ" ಅಂತಷ್ಟೇ ಬರೆಯಿರಿ.