ಹೋಲಿಕೆಗಿಂತ ಕೆಟ್ಟದ್ದು

ಮಾನ್ಯ ಓದುಗರೇ,

ಎರಡು ದೊಡ್ಡ ಪಕ್ಷಗಳ ಪ್ರಣಾಳಿಕೆಗಳ ಮುಖಪುಟ ತೆಗೆದುಬಿಟ್ಟರೆ ಯಾವುದು ಯಾರದೆಂದು ಹೇಳಲಾಗದು, ಹೀಗಿರುವಾಗ ಮತಗಟ್ಟೆಗೆ ಹೋಗುವುದಾದರೂ ಏಕೆ ಎಂದು ತಾವು ಬರೆದಿದ್ದೀರಿ. ತಮ್ಮ ಬೇಸರ ನ್ಯಾಯವಾದದ್ದೇ. ಅದರಿಂದ ತಾವು ತಲುಪಿರುವ ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ.

ಪಕ್ಷಗಳು ಒಂದನ್ನೊಂದು ಹೋಲತೊಡಗುವುದು ಬಹುಮಟ್ಟಿಗೆ ಪೈಪೋಟಿಯ ಫಲ. ಒಂದೇ ಬೀದಿಯ ಇಬ್ಬರು ವ್ಯಾಪಾರಿಗಳು ಗಿರಾಕಿಗಳಿಗಾಗಿ ಸರಿಯುತ್ತ ಸರಿಯುತ್ತ ಕೊನೆಗೆ ಬೀದಿಯ ನಡುವೆ ಅಕ್ಕಪಕ್ಕದಲ್ಲೇ ನಿಲ್ಲುತ್ತಾರೆಂದು ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ 1929ರಲ್ಲಿ ವಾದಿಸಿದರು. ಅಮೆರಿಕದ ಎರಡು ಪಕ್ಷಗಳ ಹೋಲಿಕೆಗೂ ಅದೇ ಕಾರಣವನ್ನು ಕೊಟ್ಟರು. 1950ರಲ್ಲಿ ಅದೇ ದೇಶದ ರಾಜ್ಯಶಾಸ್ತ್ರಜ್ಞರ ಸಂಘದ ಸಮಿತಿಯೊಂದು, ಮತದಾರನಿಗೆ ನಿಜವಾದ ಆಯ್ಕೆ ಬೇಕಾದರೆ ಪಕ್ಷಗಳು ಸ್ಪಷ್ಟವಾಗಿ ಬೇರೆಬೇರೆ ಕಾರ್ಯಕ್ರಮಗಳನ್ನು ಮುಂದಿಡಬೇಕೆಂದು ವರದಿ ಬರೆಯಿತು. ಇಂದು ಅಲ್ಲಿಂದ ಕೇಳಿಬರುವ ದೂರು, ಎರಡು ಪಕ್ಷಗಳ ನಡುವೆ ಮಾತೇ ನಿಂತುಹೋಗಿದೆ ಎಂಬುದು. (ಬೇಡಿದ ವರ ಕೈಗೂಡಿದ ಮೇಲೆ ವರದಿ ಬರೆದವರು ಏನೆನ್ನುತ್ತಿದ್ದರೋ!)

ಆದ್ದರಿಂದ ಹೋಲಿಕೆಯೊಂದನ್ನೇ ದೋಷವೆನ್ನಲು ನನಗೆ ಮನಸ್ಸಿಲ್ಲ. ತಮ್ಮ ಜಾಗವನ್ನು ಬೇರೆ ಯಾರೂ ಕಿತ್ತುಕೊಳ್ಳಲಾರರು ಎಂಬ ನಿಶ್ಚಿಂತೆ ಎರಡೂ ಪಕ್ಷಗಳಿಗೆ ಬಂದಾಗಲೇ ಕೇಡು ಶುರುವಾಗುತ್ತದೆ. ಕೊಲಂಬಿಯಾದಲ್ಲಿ 1958ರಿಂದ 1974ರವರೆಗೆ ಲಿಬರಲ್ ಮತ್ತು ಕನ್ಸರ್ವೇಟಿವ್ ಪಕ್ಷಗಳು ಒಪ್ಪಂದ ಮಾಡಿಕೊಂಡು, ಅಧ್ಯಕ್ಷಗಿರಿಯನ್ನು ನಾಲ್ಕು ವರ್ಷಕ್ಕೊಮ್ಮೆ ಸರದಿಯಂತೆ ಅನುಭವಿಸಿ, ಶಾಸನಸಭೆಯ ಸ್ಥಾನಗಳನ್ನು ಸಮಪಾಲು ಹಂಚಿಕೊಂಡವು. ಅದಕ್ಕೆ ಮುಂಚಿನ ಭೀಕರ ರಕ್ತಪಾತವನ್ನು ನಿಲ್ಲಿಸಲು ಮಾಡಿದ ಏರ್ಪಾಡು ಅದು, ಆ ಮಟ್ಟಿಗೆ ಅದನ್ನು ಹಳಿಯಲಾಗದು. ಆದರೆ ಉಳಿದವರು ಚುನಾವಣೆಗೆ ನಿಲ್ಲಬೇಕಾದರೂ ಈ ಎರಡರಲ್ಲೊಂದರ ಹೆಸರಿನಡಿಯೇ ನಿಲ್ಲಬೇಕಿತ್ತು. 1970ರ ಏಪ್ರಿಲ್ 19ರ ಚುನಾವಣೆಯಲ್ಲಿ ಒಪ್ಪಂದದ ಹೊರಗಿನ ಅಭ್ಯರ್ಥಿ ಅಲ್ಪ ಅಂತರದಲ್ಲಿ ಸೋತಾಗ, ಮೋಸ ನಡೆದಿದೆಯೆಂದು ನಂಬಿದವರಲ್ಲಿ ಕೆಲವರು ಬಂದೂಕು ಹಿಡಿದರು. ಎಂ-19 ಎಂಬ ಗೆರಿಲ್ಲಾ ಪಡೆಯ ಹೆಸರಿನಲ್ಲಿರುವುದು ಆ ದಿನದ ನೆನಪೇ.

ಮೂರನೆಯವರಿಗೆ ಹಾಕಿದ ಮತ ವ್ಯರ್ಥವಲ್ಲವೇ ಎಂದೂ ತಾವು ಕೇಳಿದ್ದೀರಿ. ಅತಿ ಹೆಚ್ಚು ಮತ ಪಡೆದವರೊಬ್ಬರೇ ಗೆಲ್ಲುವ ಪದ್ಧತಿಯಲ್ಲಿ ಅದು ಬಹಳ ಸಲ ಹಾಗೆಯೇ ಆಗುತ್ತದೆ, ದೊಡ್ಡ ಪಕ್ಷಗಳ ನಿಶ್ಚಿಂತೆಯ ಮೂಲವೂ ಅಲ್ಲೇ ಇದೆ. ನ್ಯೂಜಿಲೆಂಡಿನಲ್ಲಿ 1984ರ ನಂತರ ಲೇಬರ್ ಪಕ್ಷ ಆರಂಭಿಸಿದ ಮಾರುಕಟ್ಟೆ ಸುಧಾರಣೆಗಳನ್ನು, 1990ರಲ್ಲಿ ಅದನ್ನು ಸೋಲಿಸಿ ಬಂದ ನ್ಯಾಷನಲ್ ಪಕ್ಷ ಇನ್ನಷ್ಟು ಬಿಗಿಯಾಗಿ ಮುಂದುವರಿಸಿತು. ಸರ್ಕಾರ ಬದಲಾದರೂ ನೀತಿ ಬದಲಾಗದ್ದನ್ನು ಕಂಡ ಜನ ಮತಗಟ್ಟೆಯಿಂದ ದೂರ ಉಳಿಯಲಿಲ್ಲ. 1993ರ ಜನಮತಗಣನೆಯಲ್ಲಿ ಚುನಾವಣಾ ಪದ್ಧತಿಯನ್ನೇ ಬದಲಿಸಿ, ಪಕ್ಷಗಳಿಗೆ ಮತಗಳ ಪ್ರಮಾಣಕ್ಕೆ ತಕ್ಕಷ್ಟು ಸ್ಥಾನ ಸಿಗುವಂತೆ ಮಾಡಿದರು. ಹೊಸ ಪದ್ಧತಿಯಲ್ಲಿ 1996ರಲ್ಲಿ ನಡೆದ ಮೊದಲ ಚುನಾವಣೆಯಲ್ಲಿ ಆರು ಪಕ್ಷಗಳು ಸಂಸತ್ತನ್ನು ಪ್ರವೇಶಿಸಿದವು, ಆ ಎರಡು ದೊಡ್ಡ ಪಕ್ಷಗಳಲ್ಲಿ ಯಾವುದಕ್ಕೂ ಒಂಟಿಯಾಗಿ ಬಹುಮತ ಸಿಗಲಿಲ್ಲ.

— ಸಂಪಾದಕ